ನೇರಳೆ ಬಾಟಲಿಯೊಳಗಿನ ಕೆಂಪು

ಅಡುಗೆ ಸೋಡಾ ಬಿದ್ದದ್ದೇ ತಡ, ಬಟ್ಟಲಿನ ನೇರಳೆ ನೀರು ನೀಲಿಗೆ ತಿರುಗಿತು.

ಜರಡಿ ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನೀಲಿಯೇ, ಅನುಮಾನವಿಲ್ಲ. ಇನ್ನೊಂದು ಬಟ್ಟಲಿಗೆ ನಿಂಬೆಹಣ್ಣು ಹಿಂಡಿದಳು. ಅದರಲ್ಲಿದ್ದ ನೇರಳೆ ಕರಗಿ ಗುಲಾಬಿಗೆ ಬಂದು ನಿಂತಿತು. ಒಲೆಯ ಪಕ್ಕದ ಪಾತ್ರೆಯಲ್ಲಿ ಅವಳೇ ಕುದಿಸಿಟ್ಟಿದ್ದ ನೇರಳೆ ಕೋಸಿನ ನೀರಿಗೂ ಇದೇ ಉಪಚಾರ ಮಾಡಿದಳು. ಅದೂ ಸೋಡಾಕ್ಕೆ ನೀಲಿ, ನಿಂಬೆಗೆ ಗುಲಾಬಿ.

ಹಾಗಾದರೆ ಬಾಟಲಿಯಲ್ಲಿದ್ದದ್ದು ಗಿಡದ ಬಣ್ಣವೇ. ಅಂಗಡಿಯಲ್ಲಿ ಪುಡಿಯಾಗಿ ಸಿಗುವ ಕೃತಕ ಬಣ್ಣವಾಗಿದ್ದರೆ ಹುಳಿಗೂ ಜಗ್ಗುತ್ತಿರಲಿಲ್ಲ, ಸೋಡಾಕ್ಕೂ ಬಗ್ಗುತ್ತಿರಲಿಲ್ಲ.

ಇಷ್ಟಕ್ಕೆ ಸಮಾಧಾನ ಪಡುವ ಹೆಂಗಸಾಗಿದ್ದರೆ ಅವಳಿಗೆ ಆ ಹೆಸರು ಬರುತ್ತಿರಲಿಲ್ಲ. ಪೊಲೀಸ್ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಾಗ ಉಳಿದವರು ಸೋಸಿ ಬಿಟ್ಟದ್ದನ್ನು ಇನ್ನೊಂದು ಸಲ ಸೋಸುವ ಚಾಳಿ ಅವಳದು. ಜೊತೆಯವರು ಬೇಸತ್ತು ಇಟ್ಟ ಹೆಸರು ಜರಡಿ. ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆಗೆ ಇಳಿದ ಮೇಲೂ ಆ ಹೆಸರು ಬೆನ್ನು ಬಿಡಲಿಲ್ಲ.

ಆದರೆ ಊರವರ ಕಪಾಟುಗಳನ್ನೆಲ್ಲ ಜಾಲಾಡಿದ ಈ ಜರಡಿಗೆ ತನ್ನ ಅಡುಗೆಮನೆಯ ಸಕ್ಕರೆ ಡಬ್ಬದ ಹಿಂದೆ ಏನಿದೆ ಎಂದು ಇವತ್ತು ಬೆಳಿಗ್ಗೆಯವರೆಗೂ ಗೊತ್ತಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಇದಕ್ಕೇ.

ಬಾಟಲಿಗೆ ಚೀಟಿ ಇರಲಿಲ್ಲ. ಮೈತುಂಬ ಬೆಳ್ಳಿ ಹಾಳೆ ಸುತ್ತಿತ್ತು. ಊಟ ಕಟ್ಟಿಕೊಡುತ್ತಾರಲ್ಲ, ಅದೇ ತೆಳು ಹಾಳೆ. ಮೇಲ್ತುದಿಯನ್ನು ಅಚ್ಚುಕಟ್ಟಾಗಿ ಎರಡು ಮಡಿಕೆ ಮಡಚಿ, ಒಂದು ಮೂಲೆಯಲ್ಲಿ ಬೆರಳಿಗೆ ಸಿಗುವಷ್ಟು ಪುಟ್ಟ ಕಿವಿಯನ್ನು ನಿಲ್ಲಿಸಿ ಬಿಟ್ಟಿದ್ದರು. ಜರಡಿ ಆ ಕಿವಿಯನ್ನು ಮುಟ್ಟದೆ, ಕೆಳಗಿನಿಂದ ಹಾಳೆಯನ್ನು ಸರಿಸಿ, ಬಾಟಲಿಯನ್ನು ಹೊರಗೆಳೆದಿದ್ದಳು. ಮಡಿಕೆ ಹಾಗೇ ಉಳಿದಿತ್ತು.

"ನನ್ನ ವಸ್ತು ಯಾಕೆ ಮುಟ್ಟಿದೆ?"

ಬಾಗಿಲಲ್ಲಿ ತಂಗಿ ನಿಂತಿದ್ದಳು. ತಲೆಗೆ ಹತ್ತಿಬಟ್ಟೆ ಸುತ್ತಿದ್ದಳು. ಹುಬ್ಬು ಇದ್ದ ಜಾಗದಲ್ಲಿ ಈಗ ಬರೀ ಕೋಪವಿತ್ತು.

"ನನ್ನ ಸಕ್ಕರೆ ಡಬ್ಬದ ಹಿಂದೆ ಇಟ್ರೆ ಮುಟ್ಟದೆ ಪೂಜೆ ಮಾಡ್ಲಾ? ಯಾವಾಗಿಂದ ಕುಡೀತಿದೀಯ ಇದನ್ನ?"

"ಸ್ವಲ್ಪ ದಿನದಿಂದ."

"ಹೋದ ಸೋಮವಾರ ಡ್ರಿಪ್ ಹಾಕಿಸ್ಕೊಂಡು ಬರ್ತೀನಿ ಅಂತ ಹೋದೆಯಲ್ಲ?"

"ಪಾರ್ಕಲ್ಲಿ ಕೂತಿದ್ದೆ."

"ಅದರ ಹಿಂದಿನ ಸಲ?"

"ಅವತ್ತೂ ಪಾರ್ಕೇ."

ಜರಡಿ ಕುರ್ಚಿ ಎಳೆದುಕೊಂಡು ಕೂತಳು. ತಂಗಿಯ ಎದೆಯ ಗಡ್ಡೆಯನ್ನು ತೆಗೆದಾಗಿತ್ತು. ಕಣ್ಣಿಗೆ ಕಾಣದೆ ಉಳಿದ ನಾಲ್ಕು ಕೋಶಗಳು ಇನ್ನೆಲ್ಲೋ ಹೋಗಿ ಬೇರು ಬಿಡದಿರಲಿ ಎಂದು ಡಾಕ್ಟರು ಡ್ರಿಪ್ ಬರೆದಿದ್ದರು. ಅದರಲ್ಲಿ ಒಂದು ಔಷಧಿಯ ಬಣ್ಣ ಕೆಂಪು. ವಾರ್ಡಿನಲ್ಲಿ ಎಲ್ಲರೂ ಅದನ್ನು ಕೆಂಪು ಎಂದೇ ಕರೆಯುತ್ತಿದ್ದರು. ಅದನ್ನು ತಪ್ಪಿಸಬೇಡಿ ಎಂದು ಡಾಕ್ಟರು ಅಕ್ಕತಂಗಿಯರಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು.

"ಆ ಕೆಂಪನ್ನ ನೆನೆಸ್ಕೊಂಡ್ರೆ ಸಾಕು, ನನಗೆ ಹೊಟ್ಟೆ ತೊಳಸುತ್ತೆ," ತಂಗಿ ಹೇಳಿದಳು. "ಇದು ಗಿಡದ್ದು ಅಕ್ಕ. ಬಣ್ಣದಜ್ಜನ ಬಣ್ಣ. ಹರಡೋದನ್ನ ತಡೆಯುತ್ತೆ ಅಂತ ಪೇಪರಲ್ಲೇ ಬಂದಿತ್ತು. ನಿನಗೆ ಹಿತ್ತಲ ಗಿಡ ಮದ್ದಲ್ಲ. ಸೂಜಿ ಚುಚ್ಚಿದ್ರೇನೇ ಮದ್ದು."

"ಪ್ರಯೋಗಾಲಯದ ಗಾಜಿನ ತಟ್ಟೇಲಿ ತಡೆಯುತ್ತೆ ಅಂತ ಬಂದಿತ್ತು. ಮನುಷ್ಯರಲ್ಲಿ ಅಂತ ಬಂದಿರಲಿಲ್ಲ. ಯಾರು ಕೊಟ್ರು?"

"ಹೇಳಲ್ಲ. ಆಣೆ ಮಾಡಿದೀನಿ."

"ಯಾರ ಮೇಲೆ?"

"ನಿನ್ನ ಮೇಲೇನೇ."

ತಂಗಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವ್ವ ಸಾಯುವಾಗ ಇವಳ ಕೈಯನ್ನು ಜರಡಿಯ ಕೈಯಲ್ಲಿಟ್ಟು ಹೋಗಿದ್ದಳು. ಆಗ ಇವಳಿಗೆ ಜಡೆ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಈಗ ಹಾಕಲು ಜಡೆಯೇ ಇಲ್ಲ ಎನ್ನುವುದು ನೆನಪಾಗಿ ಜರಡಿಗೆ ಅಳು ಬಂತು. ಅತ್ತು, ಮೂಗೊರೆಸಿಕೊಂಡು, ಮತ್ತೆ ಬಾಟಲಿಗೇ ಬಂದಳು.

ಬಣ್ಣದಜ್ಜ ಸತ್ತು ಮೂರು ವಾರವಾಗಿತ್ತು. ಜೀವಮಾನವೆಲ್ಲ ಹೂವು, ಹಣ್ಣು, ಸೊಪ್ಪುಗಳ ಬಣ್ಣದ ಹಿಂದೆ ಬಿದ್ದಿದ್ದ ವಿಜ್ಞಾನಿ, ತನ್ನ ಪ್ರಯೋಗಾಲಯದ ಮಹಡಿಯ ಗಾಜಿನ ಮನೆಯಿಂದ ಇಳಿಯುವಾಗ ಮೆಟ್ಟಿಲಿಂದ ಉರುಳಿದ. ಜಾರಿ ಬಿದ್ದ ಎಂದು ಪೊಲೀಸರು ಕೈತೊಳೆದುಕೊಂಡರು. ಅಪ್ಪ ಜಾರಲಿಲ್ಲ, ನನ್ನ ಗಂಡನನ್ನು ವಿಚಾರಿಸಿ ಎಂದು ಅವನ ಮಗಳು ಜರಡಿಯ ಆಫೀಸಿಗೆ ಬಂದು ಕಣ್ಣೀರಿಟ್ಟಿದ್ದಳು. ಗಂಡ ಅಂದರೆ ಅಜ್ಜನ ಅಳಿಯ. ಈಗ ಪ್ರಯೋಗಾಲಯದ ಯಜಮಾನ.

ಅಳಿಯನಿಗೆ ಆ ಬಣ್ಣದಿಂದ ಹೆಸರು ಬೇಕಿತ್ತು. ಹೆಸರಿಗೆ ಕಾಯಿಲೆಯವರು ಬೇಕಿತ್ತು. ವಾಸಿಯಾದೆ ಎಂದು ಹೇಳುವ ಒಬ್ಬಳು ಹೆಂಗಸು ಸಿಕ್ಕರೆ ಸಾಕಿತ್ತು. ಜರಡಿಯ ಅನುಮಾನವೆಲ್ಲ ಅವನ ಸುತ್ತಲೇ ಗಿರಕಿ ಹೊಡೆಯಿತು.

ಹೊರಡುವ ಮುಂಚೆ ಚಾಳಿ ಬಿಡದೆ ಮೇಜಿನ ಖಾನೆಯಿಂದ ಹಳೆಯ ನೀಲಿ ಟಾರ್ಚು ತೆಗೆದಳು. ಕಳ್ಳನೋಟು, ಒರೆಸಿದ ರಕ್ತದ ಕಲೆ ಇಂಥವನ್ನು ನೋಡುವ ಟಾರ್ಚು. ಪರದೆ ಎಳೆದು, ಕೋಸಿನ ನೀರಿನ ಮೇಲೆ ಬೆಳಕು ಬಿಟ್ಟಳು. ನೀರು ಕಪ್ಪಗೆ ಸುಮ್ಮನಿತ್ತು. ಬಾಟಲಿಯಿಂದ ನಾಲ್ಕು ಹನಿಯನ್ನು ಬಿಳಿ ತಟ್ಟೆಗೆ ಬಿಟ್ಟು ಅದರ ಮೇಲೂ ಬಿಟ್ಟಳು.

ಹನಿಗಳು ಬೂದಿಯೊಳಗಿನ ಕೆಂಡದ ಹಾಗೆ ಕಿತ್ತಳೆಗೆಂಪಾಗಿ ಹೊತ್ತಿಕೊಂಡವು.

ಗಿಡದ ಬಣ್ಣ ನಿಜವೇ. ಆದರೆ ಅದರೊಳಗೆ ಇನ್ಯಾವುದೋ ಅಡಗಿ ಕೂತಿತ್ತು.

*

ಪ್ರಯೋಗಾಲಯದಲ್ಲಿ ಜೀವಕೋಶ ಬೆಳೆಸುವ ಹೆಂಗಸನ್ನು ಎಲ್ಲರೂ ತಟ್ಟೆಯಕ್ಕ ಎನ್ನುತ್ತಿದ್ದರು. ಅವಳ ಹಗಲೆಲ್ಲ ಮುಚ್ಚಳವಿರುವ ಪುಟ್ಟ ಗಾಜಿನ ತಟ್ಟೆಗಳ ನಡುವೆ ಕಳೆಯುತ್ತಿತ್ತು. ಜರಡಿಯ ಅನುಮಾನದ ಸಾಲಿನಲ್ಲಿ ಅವಳೂ ಇದ್ದಳು. ಬಣ್ಣದ ಬಾಟಲಿಗಳಿರುವ ತಣ್ಣನೆಯ ಕೋಣೆಯ ಬೀಗದ ಕೈ ಅವಳ ಸೊಂಟದಲ್ಲಿತ್ತು, ಮತ್ತು ಅಜ್ಜನ ಅಂತ್ಯಕ್ರಿಯೆಗೆ ಅವಳು ಹೋಗಿರಲಿಲ್ಲ.

"ಇದು ನಿಮ್ಮ ಕೋಣೆಯದ್ದಾ?" ಜರಡಿ ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಅದರಿಂದ ಕಳಚಿದ ಬೆಳ್ಳಿ ಹಾಳೆಯನ್ನು ಚೀಲದಲ್ಲೇ ಇಟ್ಟುಕೊಂಡಿದ್ದಳು.

ತಟ್ಟೆಯಕ್ಕ ಮುಟ್ಟಲಿಲ್ಲ. ಕುತ್ತಿಗೆ ಬಗ್ಗಿಸಿ ನೋಡಿದಳು. "ಬಾಟಲಿ ನಮ್ಮದೇ. ಎಲ್ಲಿ ಸಿಕ್ತು?"

"ಒಬ್ಬರು ಕುಡೀತಾ ಇದ್ರು."

ತಟ್ಟೆಯಕ್ಕನ ಮುಖದಲ್ಲಿ ರಕ್ತವೇ ಇಳಿದುಹೋಯಿತು. ನಟನೆಯಾಗಿದ್ದರೆ ಬಹಳ ಒಳ್ಳೆಯ ನಟನೆ ಎಂದು ಜರಡಿ ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು.

"ಕುಡಿಯೋದಾ? ಇದನ್ನ ನಾವು ಇಲಿಗೂ ಕೊಟ್ಟಿಲ್ಲ."

"ಹಾಗಾದ್ರೆ ಇದು ಏನು ಮಾಡುತ್ತೆ ಅಂತ ನನಗೆ ಹೇಳಿ. ಮಕ್ಕಳಿಗೆ ಹೇಳೋ ಹಾಗೆ."

ತಟ್ಟೆಯಕ್ಕ ಒಂದು ತಟ್ಟೆ ತಂದಳು. ಅದರ ತಳದಲ್ಲಿ ಗಡ್ಡೆಯಿಂದ ಬೆಳೆಸಿದ ಕೋಶಗಳು ಹುಲ್ಲುಹಾಸಿನ ಹಾಗೆ ದಟ್ಟವಾಗಿ ಹರಡಿಕೊಂಡಿರುತ್ತವಂತೆ. ಅವುಗಳ ನಡುವೆ ಚೂಪು ಕಡ್ಡಿಯಿಂದ ಒಂದು ಗೀರು ಎಳೆಯುತ್ತಾರೆ, ಕಾಲುದಾರಿಯ ಹಾಗೆ. ಕ್ಯಾನ್ಸರ್ ಕೋಶಗಳು ಸುಮ್ಮನಿರುವ ಪೈಕಿಯವಲ್ಲ. ಎರಡೂ ಕಡೆಯಿಂದ ತೆವಳಿಕೊಂಡು ಬಂದು ಮಾರನೆಯ ದಿನದ ಹೊತ್ತಿಗೆ ದಾರಿ ಮುಚ್ಚಿಬಿಡುತ್ತವೆ. ಕೋಸಿನ ಬಣ್ಣ ಹಾಕಿದರೆ ತೆವಳುವುದು ನಿಧಾನವಾಗುತ್ತದೆ, ದಾರಿ ಒಂದಿಷ್ಟು ತೆರೆದೇ ಇರುತ್ತದೆ.

"ಅಷ್ಟೇನಾ?"

"ಅಷ್ಟೇ. ಅಜ್ಜನ ಬಾಯಲ್ಲಿ ಯಾವಾಗಲೂ 'ಸ್ವಲ್ಪ' ಅನ್ನೋ ಮಾತೇ. ಸ್ವಲ್ಪ ನಿಧಾನ ಆಗುತ್ತೆ, ಸ್ವಲ್ಪ ಕೋಶಗಳಲ್ಲಿ, ತಟ್ಟೇಲಿ ಮಾತ್ರ. ಕುಡಿದದ್ದು ಹೊಟ್ಟೇಲಿ ಏನಾಗುತ್ತೆ, ರಕ್ತಕ್ಕೆ ಎಷ್ಟು ಹೋಗುತ್ತೆ, ಯಾರಿಗೂ ಗೊತ್ತಿಲ್ಲ. ಆದ್ರೂ ಮುಂದೆ ಯಾವತ್ತೋ ಇದರಿಂದ ಒಂದು ಔಷಧಿ ಆಗಬಹುದು ಅನ್ನೋ ಆಸೆ ಅವರಿಗೆ."

"ಪೇಪರಿನವರು ಪವಾಡ ಅಂದ್ರಲ್ಲ."

ತಟ್ಟೆಯಕ್ಕ ಕಂಪ್ಯೂಟರಿನ ಮುಂದೆ ಕೂತು ಎರಡು ಚಿತ್ರ ತೆರೆದಳು.

"ಇದು ಹಳೇ ಬ್ಯಾಚು. ದಾರಿ ಅರ್ಧ ಮುಚ್ಚಿದೆ. ಕೋಶಗಳು ನೋಡಿ, ಕೈಕಾಲು ಚಾಚ್ಕೊಂಡು ಅಂಟ್ಕೊಂಡಿವೆ. ಬದುಕಿವೆ. ಇದು ಈಚಿನ ಬ್ಯಾಚು, ಪೇಪರಿಗೆ ಹೋದದ್ದು."

ಎರಡನೆಯ ಚಿತ್ರದಲ್ಲಿ ದಾರಿ ನೇರವಾಗಿ, ಅಗಲವಾಗಿ, ಎಳೆದ ಹಾಗೇ ತೆರೆದುಕೊಂಡಿತ್ತು. ಒಂದೇ ಒಂದು ಕೋಶವೂ ಅದರೊಳಗೆ ಕಾಲಿಟ್ಟಿರಲಿಲ್ಲ. ದಡದಲ್ಲಿದ್ದವು ಮಾತ್ರ ದುಂಡಗೆ ಮುದುಡಿಕೊಂಡು, ನೆಲ ಬಿಟ್ಟು ತೇಲುತ್ತಿದ್ದವು.

ಜರಡಿ ಕಣ್ಣು ಕಿರಿದು ಮಾಡಿದಳು. "ಇವು ನಿಂತಿಲ್ಲ. ಸತ್ತಿವೆ."

"ಹೂಂ. ಸತ್ತವರು ದಾರಿ ದಾಟಲ್ಲ ನೋಡಿ. ಆದ್ರೆ ದಾರಿ ಅಳೆಯೋ ಯಂತ್ರಕ್ಕೆ ಅದು ಗೊತ್ತಾಗಲ್ಲ. ತೆರೆದಿದೆ ಅಂದ್ರೆ ತೆರೆದಿದೆ, ನೂರಕ್ಕೆ ನೂರು ಅಂತ ಬರೆಯುತ್ತೆ. ನಾನು ಅಜ್ಜನಿಗೆ ಹೇಳ್ದೆ, ನಮ್ಮ ಬಣ್ಣ ಕಾಲು ಕಟ್ಟುತ್ತೆ, ಕತ್ತು ಹಿಸುಕಲ್ಲ, ಇದ್ಯಾಕೋ ಸರಿ ಇಲ್ಲ ಅಂತ. ಅವರು ಮೊದಲು ನನ್ನ ಮೇಲೇ ರೇಗಿದ್ರು. ಆಮೇಲೆ ಎರಡು ದಿನ ಇಲ್ಲಿ ನಮ್ಮ ಯಾರ ಹತ್ರಾನೂ ಮಾತಾಡಲಿಲ್ಲ. ಮೂರನೇ ದಿನ ಬಿದ್ರು."

"ಅಂತ್ಯಕ್ರಿಯೆಗೆ ಯಾಕೆ ಹೋಗಲಿಲ್ಲ?"

"ಯಾವ ಮುಖ ಇಟ್ಕೊಂಡು ಹೋಗ್ಲಿ? ಆ ಮಾತು ಹೇಳಿ ನಾನೇ ಅವರನ್ನ ಕೊಂದೆ ಅನ್ನಿಸಿಬಿಟ್ಟಿತ್ತು."

ಅವಳು ಬಾಟಲಿಯಿಂದ ಒಂದು ಹನಿಯನ್ನು ಬದುಕಿರುವ ಕೋಶಗಳ ತಟ್ಟೆಗೆ ಬಿಟ್ಟಳು. ಕಾಫಿ ಕುಡಿದು ಮುಗಿಸುವವರೆಗೆ ಇಬ್ಬರೂ ಕಾದರು. ಆಮೇಲೆ ಕತ್ತಲ ಕೋಣೆಯ ಸೂಕ್ಷ್ಮದರ್ಶಕದ ಕೆಳಗೆ ತಟ್ಟೆಯನ್ನಿಟ್ಟು, ಜರಡಿಗೆ ಜಾಗ ಬಿಟ್ಟಳು.

ಕಪ್ಪು ಹಿನ್ನೆಲೆಯಲ್ಲಿ ಪ್ರತಿ ಕೋಶದ ನಟ್ಟನಡುವೆ ಒಂದೊಂದು ಕೆಂಪು ದೀಪ ಹೊತ್ತಿತ್ತು.

"ಕೋಸಿನ ಬಣ್ಣ ಹೀಗೆ ಹೊಳೆಯಲ್ಲ," ತಟ್ಟೆಯಕ್ಕನ ಧ್ವನಿ ಸಣ್ಣದಾಗಿತ್ತು. "ಕೋಶದ ಗರ್ಭಕ್ಕೇ ಹೋಗಿ ಹೀಗೆ ಕೂತು ಹೊಳೆಯೋದು ನನಗೆ ಗೊತ್ತಿರೋದು ಒಂದೇ. ವಾರ್ಡಲ್ಲಿ ಡ್ರಿಪ್ಪಿಗೆ ಹಾಕ್ತಾರಲ್ಲ, ಆ ಕೆಂಪು."

ಜರಡಿ ಕಣ್ಣು ತೆಗೆಯಲಿಲ್ಲ. ಯಾವ ಕೆಂಪಿಗೆ ಹೆದರಿ ತಂಗಿ ಪಾರ್ಕಿನ ಬೆಂಚಿಗೆ ಓಡಿದ್ದಳೋ, ಅದೇ ಕೆಂಪನ್ನು ನೇರಳೆ ಸೆರಗು ಹೊದಿಸಿ ಅವಳಿಗೆ ಕುಡಿಸುತ್ತಿದ್ದರು.

"ಕುಡಿದ್ರೆ ಏನಾಗುತ್ತೆ?"

"ಅದು ಕುಡಿಯೋ ಔಷಧಿನೇ ಅಲ್ಲ. ರಕ್ತನಾಳಕ್ಕೆ ಹನಿಹನಿಯಾಗಿ, ಅಳೆದು ಸುರಿದು ಕೊಡ್ತಾರೆ. ಜಾಸ್ತಿ ಆದ್ರೆ ಹೃದಯಕ್ಕೇ ಪೆಟ್ಟು. ಹೀಗೆ ಕುಡಿಯೋದ್ರಿಂದ ಕಾಯಿಲೆಗೆ ಪ್ರಯೋಜನ ಇಲ್ಲ, ಕೇಡು ಎಷ್ಟೋ ನಾನು ಹೇಳಲಾರೆ. ಅವರು ಡ್ರಿಪ್ಪನ್ನೂ ತಪ್ಪಿಸ್ತಿದ್ರೆ..."

ತಣ್ಣನೆಯ ಕೋಣೆಯನ್ನು ಜರಡಿ ತಾನೇ ಹೊಕ್ಕು ನೋಡಿದಳು. ಗಿಡದ ಬಣ್ಣಕ್ಕೆ ಬೆಳಕು ಆಗಿಬರುವುದಿಲ್ಲ, ಬಿಸಿಲಲ್ಲಿಟ್ಟರೆ ಪೇಲವವಾಗುತ್ತದೆ. ಹಾಗಾಗಿ ಅಲ್ಲಿನ ಬಾಟಲಿಗಳಿಗೆಲ್ಲ ಬೆಳ್ಳಿ ಹಾಳೆಯ ಅಂಗಿ. ಪ್ರತಿಯೊಂದರ ತುದಿಯನ್ನೂ ಕತ್ತಿನ ಹತ್ತಿರ ಒಟ್ಟು ಮಾಡಿ, ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿ ಬಿಟ್ಟಿದ್ದರು.

"ಎಲ್ಲರೂ ಹೀಗೇ ತಿರುಚ್ತೀರಾ?"

"ಅಜ್ಜ ಕಲಿಸಿದ್ದು. ಬಿಚ್ಚೋವಾಗ ಹರಿದು ಚಿಂದಿ ಆಗುತ್ತೆ, ಆದ್ರೂ ಎಲ್ಲರಿಗೂ ಅದೇ ಅಭ್ಯಾಸ."

ಕಿವಿ ಬಿಟ್ಟ ಮಡಿಕೆ ಒಂದಕ್ಕೂ ಇರಲಿಲ್ಲ.

ಜರಡಿ ಮೊಗಸಾಲೆಗೆ ಬಂದು ಮೊದಲು ಮಾಡಿದ ಕೆಲಸ ಅಜ್ಜನ ಮಗಳಿಗೆ ಫೋನ್. ಅವಳು ತಂಗಿ ಡ್ರಿಪ್ಪಿಗೆ ಹೋಗುತ್ತಿದ್ದ ಕ್ಯಾನ್ಸರ್ ಆಸ್ಪತ್ರೆಯಲ್ಲೇ, ಡ್ರಿಪ್ಪಿನ ಔಷಧಿ ಬೆರೆಸುವ ಕೋಣೆಯಲ್ಲಿ ಕೆಲಸಕ್ಕಿದ್ದವಳು. ಕೆಂಪು ಎಲ್ಲಿಂದ, ಯಾರ ಕೈಯಿಂದ ಹೊರಗೆ ಬಂತು ಎಂದು ಹೇಳಬಲ್ಲವಳು ಅವಳೇ. ಹೆಂಡತಿಯ ಚೀಲಕ್ಕೆ ಗಂಡ ಕೈಹಾಕುವುದೇನು ದೊಡ್ಡ ಮಾತು?

ಆದರೆ ಅದಕ್ಕಿಂತ ತುರ್ತಾದದ್ದು ತಂಗಿ.

"ನನ್ನ ತಂಗಿ ಮನೇಲಿ ಒಬ್ಬಳೇ ಇದ್ದಾಳೆ," ಜರಡಿ ಹೇಳಿದಳು. "ಯಾರೋ ಅವಳಿಗೆ ಡ್ರಿಪ್ ಬಿಡಿಸಿ ಈ ಬಣ್ಣ ಕುಡಿಸ್ತಿದ್ದಾರೆ. ನಾನಿಲ್ಲಿ ಒಂದು ಕೆಲಸ ಮುಗಿಸಿ ಬರೋವರೆಗೂ ಯಾರಾದ್ರೂ ಜೊತೆಗಿರಬೇಕು. ನನ್ನ ಮಾತು ಕೇಳಲ್ಲ ಅವಳು. ಆಸ್ಪತ್ರೆಯವರು ಅಂದ್ರೆ ಕೇಳಬಹುದು."

ಆ ಕಡೆಯಿಂದ ಮೆತ್ತಗಿನ ದನಿ ಬಂತು. "ಪಾಪ. ನೀವು ಯೋಚನೆ ಮಾಡಬೇಡಿ. ನಾನು ಈಗಲೇ ಹೊರಟೆ."

ಜರಡಿಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು.

*

ಅಳಿಯನ ಕೋಣೆ ಹೊಸ ಬಣ್ಣದ ವಾಸನೆ ಹೊಡೆಯುತ್ತಿತ್ತು. ಗೋಡೆಯ ಮೇಲೆ ಮಾವನ ಚಿತ್ರ, ಅದರ ಕೆಳಗೆ ಅದಕ್ಕಿಂತ ದೊಡ್ಡದಾಗಿ ಅಳಿಯನ ಚಿತ್ರ. ಮೇಜಿನ ಮೇಲೆ ಪತ್ರಿಕೆಯವರಿಗೆ ಕೊಡಬೇಕಾದ ಹಾಳೆಗಳ ಕಟ್ಟು, ಪಕ್ಕದಲ್ಲಿ ಇನ್ನೂ ಬಿಚ್ಚದ ಊಟದ ಚೀಲ.

"ಬನ್ನಿ ಬನ್ನಿ. ನನ್ನ ಹೆಂಡತಿ ನಿಮ್ಮನ್ನ ನನ್ನ ಹಿಂದೆ ಬಿಟ್ಟಿದ್ದಾಳೆ ಅಂತ ಗೊತ್ತು," ಅವನು ನಕ್ಕ. "ಮಾವ ಬಿದ್ದಾಗ ನಾನು ಬೇರೆ ಊರಲ್ಲಿ ಮುನ್ನೂರು ಜನರ ಮುಂದೆ ಭಾಷಣ ಮಾಡ್ತಿದ್ದೆ. ಮುನ್ನೂರು ಜನಾನೂ ನಿದ್ದೆ ಮಾಡ್ತಿದ್ರು ಅಂತ ನೀವು ಸಾಬೀತು ಮಾಡಬೇಕು."

"ಮೆಟ್ಟಿಲಿನ ವಿಷಯ ಆಮೇಲೆ. ಮೊದಲು ಇದು." ಜರಡಿ ಬಾಟಲಿಯನ್ನು ಹಾಳೆಗಳ ಕಟ್ಟಿನ ಮೇಲೇ ಇಟ್ಟಳು. "ಇದರಲ್ಲಿ ವಾರ್ಡಿನ ಕೆಂಪು ಬೆರೆಸಿದೆ. ನಿಮ್ಮ ಪವಾಡದ ಬ್ಯಾಚಿನಲ್ಲೂ ಅದೇ ಇರಬೇಕು. ನಿಮಗೆ ಗೊತ್ತಿತ್ತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕೈ ತಾನಾಗಿ ಹಾಳೆಗಳ ಮೇಲೆ ಹೋಯಿತು. ನಗು ಅಲ್ಲೇ ಒಣಗಿತು.

"ಕೆಂಪು ಅಂತ ಗೊತ್ತಿರಲಿಲ್ಲ."

"ಏನೋ ಬೆರೆಸಿದ್ದಾರೆ ಅಂತ ಗೊತ್ತಿತ್ತು."

"ಮಾವ ಬಂದು ಹೇಳಿದ್ರು. ಬೀಳೋ ಹಿಂದಿನ ದಿನ. ಇಷ್ಟು ಚೆನ್ನಾಗಿ ಬರೋದಕ್ಕೆ ಸಾಧ್ಯ ಇಲ್ಲ, ಎಲ್ಲ ವಾಪಸ್ ತಗೋ ಅಂದ್ರು. ನಾನೇ ಮಾಡಿಸಿದ್ದು ಅಂತ ಬೈದ್ರು. ನಾನು ಅವರ ಕಾಲು ಹಿಡ್ಕೊಂಡೆ, ಸ್ವಲ್ಪ ತಡೀರಿ ಅಂತ." ಅವನು ಹಣೆ ಒರೆಸಿಕೊಂಡ. "ಕೇಳಬೇಕಿತ್ತು. ಯಾರು, ಯಾಕೆ ಅಂತ ಹುಡುಕಬೇಕಿತ್ತು. ಹುಡುಕಲಿಲ್ಲ. ಸಿಹಿ ಬಾಯಿಗೆ ಬಿದ್ದಾಗ ಯಾರು ಮಾಡಿದ್ದು ಅಂತ ಯಾರು ಕೇಳ್ತಾರೆ?"

"ನನ್ನ ತಂಗಿ ಕುಡೀತಿದ್ದಾಳೆ ಇದನ್ನ. ಡ್ರಿಪ್ ಬಿಟ್ಟು."

ಅವನು ತಲೆಯೆತ್ತಿದ. ಈ ಸಲ ಅವನ ಕಣ್ಣಲ್ಲಿ ಕಂಡದ್ದು ಭಯ. "ನಾನು ಯಾರಿಗೂ ಕೊಟ್ಟಿಲ್ಲ. ನನ್ನ ಮಕ್ಕಳಾಣೆ. ಸುಳ್ಳು ಪುಕಾರು ಹಬ್ಬಿಸೋನು ಇರಬಹುದು ನಾನು, ಆದ್ರೆ ಕಾಯಿಲೆಯವರ ಬಾಯಿಗೆ ಇದನ್ನ..."

ಅವನು ನೀರಿನ ಬಾಟಲಿಗಾಗಿ ಊಟದ ಚೀಲಕ್ಕೆ ಕೈಹಾಕಿದ. ನೀರಿನ ಜೊತೆಗೆ ಬ್ರೆಡ್ಡಿನ ಪೊಟ್ಟಣವೂ ಹೊರಗೆ ಬಂದು ಮೇಜಿನ ಮೇಲೆ ಬಿತ್ತು.

ಬೆಳ್ಳಿ ಹಾಳೆಯ ಪೊಟ್ಟಣ. ಅಚ್ಚುಕಟ್ಟಾಗಿ ಎರಡು ಮಡಿಕೆ. ಮೂಲೆಯಲ್ಲಿ ಬೆರಳಿಗೆ ಸಿಗುವಷ್ಟು ಪುಟ್ಟ ಕಿವಿ.

ಜರಡಿ ಪೊಟ್ಟಣವನ್ನೇ ನೋಡಿದಳು. ಚೀಲದಿಂದ ಬಾಟಲಿಯ ಬೆಳ್ಳಿ ಹಾಳೆಯನ್ನು ತೆಗೆದು ಅದರ ಪಕ್ಕದಲ್ಲಿಟ್ಟಳು. ಒಂದೇ ಕೈಯ ಎರಡು ಬೆರಳಿನ ಹಾಗಿದ್ದವು.

"ಇದನ್ನ ಯಾರು ಕಟ್ಟಿದ್ದು?"

"ನನ್ನ ಹೆಂಡತಿ. ಯಾಕೆ?"

"ಬಿಚ್ಚಿ."

ಅವನು ಅರ್ಥವಾಗದೆ ಕಿವಿಯನ್ನು ಹಿಡಿದು ಎಳೆದ. ಪೊಟ್ಟಣ ಒಂದೇ ಎಳೆತಕ್ಕೆ, ಎಲ್ಲೂ ಹರಿಯದೆ, ಪರ್ ಎಂದು ಬಿಚ್ಚಿಕೊಂಡಿತು.

"ಆಸ್ಪತ್ರೆ ಅಭ್ಯಾಸ," ಅವನು ಹೇಳಿದ. "ಆ ಕೆಂಪಿಗೂ ಬೆಳಕು ಆಗಲ್ಲವಂತೆ, ಸುತ್ತಿ ಇಡ್ತಾರೆ. ದಪ್ಪ ಕೈಗವಸು ಹಾಕ್ಕೊಂಡಿರೋ ನರ್ಸಿಗೆ ಸುಲಭವಾಗಿ ಬಿಚ್ಚೋಕೆ ಬರಲಿ, ಒಳಗಿನದು ಚೆಲ್ಲದಿರಲಿ ಅಂತ ಒಂದು ಕಿವಿ ಬಿಡ್ತಾರೆ. ಅವಳು ಮನೇಲೂ ಹಾಗೇ. ಮಕ್ಕಳ ಬ್ರೆಡ್ಡಿಗೂ ಹಾಗೇ. ಎಷ್ಟು ಸಲ ನಗಾಡಿದ್ದೀವಿ..."

ಅವನೂ ಈಗ ಎರಡು ಹಾಳೆಗಳನ್ನು ಮತ್ತೆ ಮತ್ತೆ ನೋಡುತ್ತಿದ್ದ.

"ಮಾವನ ಬಣ್ಣ ಯಾವಾಗಲೂ ಬರೀ 'ಸ್ವಲ್ಪ' ಅಂತಿತ್ತು," ಅವನು ತನ್ನಷ್ಟಕ್ಕೇ ಹೇಳಿಕೊಂಡ. "ಅವರಿಗೆ ಅದು ಸಾಕಿತ್ತು. ಅವಳಿಗೆ ಸಾಲ್ತಿರಲಿಲ್ಲ. ಅಪ್ಪ ಸಾಯೋದ್ರೊಳಗೆ ಒಂದು ಸಲ ಗೆಲ್ಲಬೇಕು, ಗೆಲ್ಲಬೇಕು ಅಂತಿದ್ಲು. ಮಾವ ಬಿದ್ದ ಬೆಳಿಗ್ಗೆ ಅವರಿಗೆ ತಿಂಡಿ ತಗೊಂಡು ಮಹಡಿಗೆ ಹೋಗಿದ್ದೂ ಅವಳೇ..."

ಜರಡಿ ಕೇಳಿಸಿಕೊಳ್ಳಲಿಲ್ಲ. ಅವಳ ತಲೆಯಲ್ಲಿ ಬೇರೊಂದು ಮಾತು ಸುತ್ತುತ್ತಿತ್ತು. ನಾನು ಈಗಲೇ ಹೊರಟೆ.

ಎಲ್ಲಿಗೆ ಹೊರಟಳು? ಅಜ್ಜನ ಮಗಳು ಬಂದದ್ದೆಲ್ಲ ಆಫೀಸಿಗೆ. ಮನೆ ಯಾವ ಬೀದಿಯಲ್ಲಿದೆ ಎಂದು ಜರಡಿ ಯಾವತ್ತೂ ಹೇಳಿರಲಿಲ್ಲ. ಇವತ್ತು ಅವಳು ಕೇಳಲೂ ಇಲ್ಲ.

ದಾರಿ ಅವಳಿಗೆ ಮೊದಲೇ ಗೊತ್ತಿತ್ತು.

ಊರಲ್ಲಿ ಅಷ್ಟು ಜನ ಪತ್ತೇದಾರರಿದ್ದಾಗ ತನ್ನನ್ನೇ ಯಾಕೆ ಹುಡುಕಿಕೊಂಡು ಬಂದಳು ಎನ್ನುವುದೂ ಈಗ ಹೊಳೆಯಿತು. ಹೆಸರು ಕೇಳಿ ಬಂದವಳಲ್ಲ. ವಾರ್ಡಿನಲ್ಲಿ ಹೆದರಿ ಅಳುತ್ತಾ ಕೂತ ಒಬ್ಬ ಹೆಂಗಸಿನ ಅಕ್ಕ ಇವಳು ಎಂದು ತಿಳಿದು ಬಂದವಳು. ಬೆರಕೆಯ ಗುಟ್ಟು ಒಂದು ದಿನ ಹೊರಬೀಳುವುದೇ, ಆಗ ಅನುಮಾನ ಗಂಡನ ಕಡೆ ತಿರುಗಿದರೆ ಸರಿ. ತನ್ನ ಕಡೆ ತಿರುಗಿದರೆ ಅಕ್ಕನ ಬಾಯಿ ಕಟ್ಟಲು ತಂಗಿ ಕೈಯಲ್ಲೇ ಇದ್ದಳು.

ಬೇಲಿಯೇ ಎದ್ದು ಹೊಲ ಮೇಯುವುದನ್ನು ಜರಡಿ ಎಷ್ಟೋ ಮನೆಗಳಲ್ಲಿ ನೋಡಿದ್ದಳು. ಇವತ್ತು ಆ ಬೇಲಿಯನ್ನು ಅವಳೇ ಕೈಯಾರೆ ತನ್ನ ಹೊಲಕ್ಕೆ ಕಳಿಸಿದ್ದಳು.

ಬಾಟಲಿ, ಹಾಳೆ ಎರಡನ್ನೂ ಚೀಲಕ್ಕೆ ತುರುಕಿಕೊಂಡು, ಮೆಟ್ಟಿಲು ಇಳಿಯುತ್ತಲೇ ಮನೆಗೆ ಫೋನ್ ಮಾಡಿದಳು. ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ತಂಗಿ ಎತ್ತಿಕೊಂಡಾಗ ಅವಳ ದನಿಯಲ್ಲಿ ಬೆಳಗಿನ ಕೋಪ ಇರಲಿಲ್ಲ. ಎಷ್ಟೋ ತಿಂಗಳ ಮೇಲೆ ಅವಳು ನಗುತ್ತಿದ್ದಳು.

"ಅಕ್ಕಾ, ನೀನೇ ಕಳಿಸಿದೆಯಂತೆ. ಮೊದಲೇ ಹೇಳಬಾರದಾ? ನಿನಗೆ ಗೊತ್ತಾಗಿಬಿಟ್ಟಿದೆ, ನೀನು ಒಪ್ಪಿದೀಯ ಅಂತ ಅವರು ಹೇಳಿದಾಗ ನನಗೆ ಎಷ್ಟು ಹಗುರ ಆಯ್ತು ಗೊತ್ತಾ. ಇನ್ನು ನಿನ್ನ ಮುಂದೆ ಬಚ್ಚಿಡೋದಿಲ್ಲ."

"ಬಾಗಿಲು ತೆಗಿ. ಹೊರಗೆ ಬಾ. ಪಕ್ಕದ ಮನೆಗೆ ಹೋಗು, ಈಗಲೇ."

"ಯಾಕೆ? ಏನಾಯ್ತು?"

"ಅವಳು ಕೊಟ್ಟದ್ದನ್ನ ಕುಡೀಬೇಡ."

ಆ ಮಾತು ತಂಗಿಯ ಕಿವಿಗೆ ಬೀಳುವ ಮೊದಲೇ ಫೋನ್ ಕೈ ಬದಲಾಯಿಸಿದ ಸದ್ದು ಕೇಳಿತು. ಆಮೇಲೆ, ತಂಗಿಗೆ ಕೇಳಿಸದಷ್ಟು ತಗ್ಗಿಸಿದ ಆ ಮೆತ್ತಗಿನ ದನಿ. ಆಫೀಸಿನಲ್ಲಿ ಅತ್ತದ್ದೂ ಇದೇ ದನಿ.

"ನೀವು ಓಡ್ತಾ ಇರೋ ಹಾಗಿದೆ. ನಿಧಾನ. ಮೆಟ್ಟಿಲು ಜಾರುತ್ತೆ."

"ಅವಳನ್ನ ಬಿಟ್ಟುಬಿಡಿ. ಅವಳು ನಿಮಗೇನೂ ಮಾಡಿಲ್ಲ."

"ನಾನೂ ಏನೂ ಮಾಡಿಲ್ಲ. ಎಲ್ಲರೂ ಕೇಳಿದ್ದನ್ನೇ ಕೊಟ್ಟೆ. ಅಪ್ಪನಿಗೆ ಗೆಲುವು, ನಿಮ್ಮ ತಂಗಿಗೆ ಧೈರ್ಯ. ಈಗ ನಿಮಗೇನು ಬೇಕು ನೀವೇ ಹೇಳಿ. ನಿಮ್ಮ ಚೀಲದಲ್ಲಿರೋ ಬಾಟಲಿ, ಆ ಹಾಳೆ, ಎರಡೂ ನನಗೆ ಬೇಕು. ಯಾರನ್ನೂ ಜೊತೆಗೆ ಕರ್ಕೊಂಡು ಬರಬೇಡಿ. ಬೇಗ ಬನ್ನಿ, ಇವತ್ತಿನದು ಸ್ವಲ್ಪ ಗಟ್ಟಿಯಾಗೇ ಬೆರೆಸಿದ್ದೀನಿ."

ಜರಡಿ ಬೀದಿಯ ನಡುವೆ ನಿಂತಳು. ಗಾಡಿಗಳು ಹಾರ್ನ್ ಬಾರಿಸುತ್ತಾ ಅವಳನ್ನು ಬಳಸಿಕೊಂಡು ಹೋದವು.

ದೂರದಲ್ಲಿ, ಅವಳ ಅಡುಗೆಮನೆಯಲ್ಲಿ, ಬಾಯಾರಿಕೆ ಆಗ್ತಿದೆ, ಅದನ್ನ ಇಲ್ಲಿ ಕೊಡಿ ಎಂದು ತಂಗಿ ಕೇಳಿದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಹಿಂದೆಯೇ, ಒಂದೇ ಎಳೆತಕ್ಕೆ, ಬೆಳ್ಳಿ ಹಾಳೆ ಪರ್ ಎಂದು ಬಿಚ್ಚಿಕೊಂಡಿತು.